ನಲವತ್ತು ಗೋಲಿನ ಜೋವಿನ್

ಹೈಸ್ಕೂಲಿನ ಧರ್ಣಪ್ಪ ಮಾಸ್ಟ್ರ ಫುಟ್‌ಬಾಲ್ ಸ್ಕೋರ್ ಪುಸ್ತಕದಲ್ಲಿ ಹೊಡೆಯದ ಗೋಲೊಂದನ್ನು ಬರೆಸಲು ಒಂದು ಡಬ್ಬಿ ಚಕ್ಕುಲಿ ಬೇಕಿತ್ತು. ಬರೆದ ಪ್ರತಿ ಗೋಲಿಗೂ ಆಟಗಾರ ಒಂದು ಇಂಚು ಬೆಳೆಯುತ್ತಿದ್ದುದರಿಂದ ಹೊಸ ಚಡ್ಡಿಯ ಖರ್ಚು ಬೇರೆ.

ಸೆವ್ರಿನ್ ಬಾಯಿಯ ಮಗ ಜೋವಿನ್ ಹೈಸ್ಕೂಲಿನ ಮೂರು ವರ್ಷಗಳಲ್ಲಿ ನಿಜವಾಗಿ ಹೊಡೆದದ್ದು ಎರಡು ಗೋಲು. ಪುಸ್ತಕದಲ್ಲಿ ಮೂವತ್ತೆಂಟಿತ್ತು. ಕಾಲೇಜಿನ ಕ್ರೀಡಾ ಕೋಟಾದ ಸೀಟಿಗೆ ನಲವತ್ತು ಬೇಕು, ಆಯ್ಕೆ ಇವತ್ತೇ.

"ಇನ್ನೆರಡು ಬರೀರಿ ಮಾಸ್ಟ್ರೆ," ಎಂದು ಬಾಯಿ ಎರಡು ಡಬ್ಬಿ ಮುಂದಿಟ್ಟರು.

"ಅವನಿಗೆ ಈಗಲೇ ಚೆಂಡು ಸರಿ ಕಾಣುವುದಿಲ್ಲ ಬಾಯಿ."

"ನಮಗೆ ಸೀಟು ಕಂಡರೆ ಸಾಕು."

ಮಾಸ್ಟ್ರು ಬರೆದರು. ಹೊರಗೆ ನಿಂತಿದ್ದ ಜೋವಿನ್‌ನ ತಲೆ ಬಾದಾಮಿ ಮರದ ಎಲೆಗಳೊಳಗೆ ಹೋಯಿತು.

ಮೈದಾನದಲ್ಲಿ ಐದು ಶಾಲೆಗಳ ಹುಡುಗರು ತೆಂಗಿನ ಮರಗಳ ಹಾಗೆ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೇ ಬಂದು ಒದ್ದರು. ಕಾಲು ಚೆಂಡಿನ ಮೇಲಿಂದ ಹಾದುಹೋಯಿತೇ ಹೊರತು ಚೆಂಡು ಕದಲಲಿಲ್ಲ. ಜೋವಿನ್ ಮೂರು ಸಲ ಒದ್ದು ಮೂರು ಸಲವೂ ಬಿದ್ದ. ಬಾಯಿ ಜಪಸರ ಕೈಗೆ ತೆಗೆದುಕೊಂಡರು.

"ಗೋಲು ಹೊಡೆಯುವವರು ಸಾಕಪ್ಪ," ಎಂದರು ಕಾಲೇಜಿನ ಕೋಚ್. "ಗೋಲು ಕಾಯಲಿಕ್ಕೆ ಯಾರು ಬರ್ತೀರಿ?"

ಉಳಿದವರು ತಮ್ಮ ತಮ್ಮ ಗೋಲುಗಳ ಮರ್ಯಾದೆ ನೋಡಿಕೊಂಡು ನಿಂತಲ್ಲೇ ನಿಂತರು. ಜೋವಿನ್ ಹೋಗಿ ಕಂಬಗಳ ನಡುವೆ ಕುತ್ತಿಗೆ ಬಗ್ಗಿಸಿ ನಿಂತ. ಬಂದ ಚೆಂಡುಗಳೆಲ್ಲ ಅವನ ಮೊಣಕಾಲಿಗೋ ಹೊಟ್ಟೆಗೋ ಬಡಿದು ಹಿಂದಿರುಗಿದವು.

"ನೀನು ಏನೂ ಮಾಡ್ಬೇಡ ಮಾರಾಯ, ಹೀಗೇ ನಿಲ್ಲು," ಎಂದು ಕೋಚ್ ಹೆಸರು ಬರೆದುಕೊಂಡರು.

ಸೀಟು ಸಿಕ್ಕಿತು. ಅಂದಿನಿಂದ ಜೋವಿನ್ ತನ್ನ ಮನೆಯೊಳಗೆ ನೆಟ್ಟಗೆ ನಿಲ್ಲಲಿಲ್ಲ.