ಮೇಲಿನ ಸ್ವರಗಳು

ಸದ್ದು ಹೊಗದ ಗಾಜಿನ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಹಿರಿಯರ ಹೆಸರನ್ನು ಚೀಟಿಯಲ್ಲಿ ಓದಿದಾಗ, ಕಿವಿ ಪರೀಕ್ಷೆ ಮಾಡುವವಳ ಕೈ ಅಲ್ಲೇ ನಿಂತಿತು. ಹತ್ತು ದಿನದ ಹಿಂದೆ ಪತ್ರಿಕೆಯಲ್ಲಿ ಅವಳ ಮೊದಲ ಆಲ್ಬಮ್ಮಿನ ನೀರಿಳಿಸಿದ್ದ ಸಂಗೀತ ವಿಮರ್ಶಕರು ಇವರೇ.

ಮೂರು ವರ್ಷ, ಕೆಲಸ ಮುಗಿಸಿ ಬಂದು, ಮನೆಯ ಸದ್ದುಗಳನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕುಗ್ಗಿಸಿ, ಪೋಣಿಸಿ ಮಾಡಿದ ಎಲೆಕ್ಟ್ರಾನಿಕ್ ಸಂಗೀತ ಅದು. ಬೇರೊಂದು ಹೆಸರಿನಲ್ಲಿ ಹೊರತಂದಿದ್ದಳು. ‘ನಲವತ್ತು ನಿಮಿಷ ಖಾಲಿ ಕೋಣೆಯಲ್ಲಿ ಕೂತ ಹಾಗಾಯಿತು. ನಡುನಡುವೆ ಯಾರೋ ಮೇಜು ಎಳೆದರು’ ಎಂದು ವಿಮರ್ಶಕರು ಬರೆದಿದ್ದರು. “ಆ ಮನುಷ್ಯನ ಕಿವೀಲೇನು ಹತ್ತಿ ತುಂಬಿದ್ಯಾ?” ಎಂದು ಅಮ್ಮ ಕಿಡಿಕಾರಿದ್ದಳು. ಮಗಳು ಕಂಪ್ಯೂಟರನ್ನು ಮುಚ್ಚಿಟ್ಟಿದ್ದಳು. ಅಂದಿನಿಂದ ಹೊಸದೇನನ್ನೂ ಮಾಡಿರಲಿಲ್ಲ.

ಪರೀಕ್ಷೆ ಶುರುವಾಯಿತು. ಕೆಳಗಿನ ಸ್ವರಗಳು ಕಿವಿಗೆ ಬಿದ್ದಾಗ ವಿಮರ್ಶಕರು ಥಟ್ಟನೆ ಗುಂಡಿ ಒತ್ತಿದರು. ಸ್ವರ ಏರಿದಂತೆ ತಡವಾಯಿತು. ಇನ್ನೂ ಏರಿದಾಗ, ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು, ಉತ್ತರ ಮರೆತ ಮಗುವಿನ ಹಾಗೆ ಅವಳ ಮುಖವನ್ನೇ ನೋಡುತ್ತ ಕೂತುಬಿಟ್ಟರು. ಪರದೆಯ ಮೇಲೆ ಅವರ ಶ್ರವಣದ ಗೆರೆ ಕಡಿದಾಗಿ ಕೆಳಗಿಳಿಯಿತು. ಅವಳ ಆಲ್ಬಮ್ಮಿನ ಮುಕ್ಕಾಲು ಪಾಲು ಇದ್ದದ್ದು ಆ ಮೇಲಿನ ಸ್ವರಗಳಲ್ಲೇ. ಸಿಕ್ಕಿಬಿದ್ದರು ಎಂದು ಅವಳ ಮನಸ್ಸು ಒಂದು ಗಳಿಗೆ ಕುಣಿಯಿತು. ಪತ್ರಿಕೆಗೆ ಒಂದು ಫೋನ್ ಮಾಡಿದರೆ ಸಾಕಿತ್ತು.

“ಹೇಗಿದೆಯಮ್ಮ?” ಹೊರಬಂದ ವಿಮರ್ಶಕರು ಕೇಳಿದರು.

“ಮೇಲಿನ ಸ್ವರಗಳು ಕೇಳಿಸ್ತಿಲ್ಲ ಸರ್. ಇದು ನಿನ್ನೆ ಮೊನ್ನೆಯದಲ್ಲ, ನಾಲ್ಕೈದು ವರ್ಷವೇ ಆಗಿರ್ಬೇಕು.”

ಅವರ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ಇಷ್ಟು ವರ್ಷ ನಾನು ಬರೆದದ್ದು...” ಎಂದವರು ಬಾಗಿಲಿನತ್ತ ನೋಡಿದರು. “ಯಾರಿಗೂ ಹೇಳ್ಬೇಡಮ್ಮ. ನನ್ನ ಅನ್ನ ಇರೋದೇ ಈ ಕಿವೀಲಿ,” ಎಂದರು.

ಕುಣಿದ ಮನಸ್ಸು ತಣ್ಣಗಾಯಿತು. “ಇಲ್ಲಿಯ ಮಾತು ಈ ಬಾಗಿಲು ದಾಟಲ್ಲ ಸರ್,” ಎಂದು ಅವರ ಎರಡೂ ಕಿವಿಗೆ ಪುಟ್ಟ ಶ್ರವಣ ಸಾಧನ ಕೂರಿಸಿ, ಹದ ಮಾಡಿದಳು. “ಏನಾದ್ರೂ ಹಾಕು, ನೋಡೋಣ,” ಎಂದರು ಅವರು. ಅವಳು ಹಿಂದೆಮುಂದೆ ನೋಡಿ, ಕೊನೆಗೆ ತನ್ನದನ್ನೇ ಹಾಕಿದಳು.

“ಇದೇನು, ಹಕ್ಕಿಗಳಾ?”

“ಅಲ್ಲ ಸರ್. ನಮ್ಮಮ್ಮನ ಬೀಗದ ಕೈ ಗೊಂಚಲು. ಎಳೆದು ಎಳೆದು ತೆಳ್ಳಗೆ ಮಾಡಿದೀನಿ.”

ಆಗ ಸಂಗೀತದ ಕೆಳಗಿನ ಸ್ವರಗಳಿಂದ ಗರಗರ ಎಂಬ ಸದ್ದೊಂದು ಎದ್ದಿತು. ವಿಮರ್ಶಕರು ತಲೆಯೆತ್ತಿ ಅವಳನ್ನು ನೋಡಿದರು. “ಮೇಜು,” ಎಂದರು ಮೆಲ್ಲಗೆ.

“ಹೌದು ಸರ್, ಮೇಜೇ. ಅದನ್ನ ಸರಿಯಾಗಿ ಹಿಡಿದಿದ್ರಿ.”

ಅವರು ನಗಲಿಲ್ಲ. ಮುಂದಿನ ರೋಗಿ ಬಾಗಿಲು ತಟ್ಟುವವರೆಗೂ ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು.

ಭಾನುವಾರದ ಅವರ ಅಂಕಣ ಹೀಗೆ ಶುರುವಾಗಿತ್ತು: ‘ಐದು ವರ್ಷದಿಂದ ನನ್ನ ಕಿವಿ ಅರ್ಧ ಮುಚ್ಚಿತ್ತು. ಅದು ತಿಳಿಯದೆ ಬರೆದದ್ದು ನನ್ನ ಗ್ರಹಚಾರ. ತಿಳಿದೂ ಮುಚ್ಚಿಟ್ಟರೆ ಮೋಸ.’ ಆಮೇಲೆ ಅವಳ ಆಲ್ಬಮ್ಮಿನ ಮಾತು. ‘ಖಾಲಿ ಕೋಣೆ ಎಂದಿದ್ದೆ. ಅಲ್ಲೊಂದು ತುಂಬಿದ ಸಂಸಾರವೇ ಇದೆ. ಆದರೂ ನಾಲ್ಕನೆಯ ತುಣುಕು ಸುಮ್ಮನೆ ಎಳೆದಾಡುತ್ತದೆ, ಮೂರು ನಿಮಿಷ ಕತ್ತರಿಸಬೇಕಿತ್ತು. ಕೊನೆಯದು ಬರೀ ಜಾಣತನ.’

“ಮತ್ತೆ ಬೈದಿದಾನಲ್ಲೇ!” ಅಮ್ಮ ಪತ್ರಿಕೆ ಹಿಡಿದುಕೊಂಡು ಕೋಣೆಗೆ ನುಗ್ಗಿದಳು.

ನಾಲ್ಕನೆಯದನ್ನು ಪರದೆಯ ಮೇಲೆ ಹರಡಿಕೊಂಡು, ಎಲ್ಲಿ ಕತ್ತರಿಸಲಿ ಎಂದು ನೋಡುತ್ತಿದ್ದ ಮಗಳು ತಿರುಗಿ ನಕ್ಕಳು.

“ಬೈಲಿ ಬಿಡಮ್ಮ. ಈ ಸಲ ಕೇಳಿ ಬೈದಿದಾರೆ.”