ಕ್ಯಾಮೆರಾದ ಹಿಂದಿನವನು

“ಈ ಫೋಟೋ ತೆಗೆದವನು ಯಾರು?”

ಮೇಷ್ಟ್ರ ದನಿ ಕೊಂಚ ಒಡೆಯಿತು. ಇಪ್ಪತ್ತಮೂರು ವಿದ್ಯಾರ್ಥಿಗಳಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು.

ಪರದೆಯ ಮೇಲೊಬ್ಬ ಹೆಂಗಸು. ವಯಸ್ಸು ನಲವತ್ತರ ಆಸುಪಾಸು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ನೇರವಾಗಿ ಕ್ಯಾಮೆರಾದತ್ತ ನೋಡಿ ನಗುತ್ತಿದ್ದಳು. ಯಾರೋ ನಗು ಅಂದರೆಂದು ತುಟಿ ಅಗಲಿಸಿದ ನಗುವಲ್ಲ. ತಡೆದು ತಡೆದು, ಇನ್ನು ತಡೆಯಲಾರೆ ಎಂದು ಉಕ್ಕಿದ ನಗು.

ಫೋಟೋಗಳನ್ನು ಓದುವುದು ಹೇಗೆಂದು ಮೇಷ್ಟ್ರು ಆ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಕಲಿಸುತ್ತಿದ್ದರು. ಮೊದಲು ಕಂಡದ್ದನ್ನು ಹೇಳಬೇಕು, ಅರ್ಥ ಆಮೇಲೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಮೇಷ್ಟ್ರು ಒಳಗೊಳಗೇ ಹಿಗ್ಗಿದ್ದರು. ಪ್ರತಿ ವರ್ಷ, ಪ್ರತಿ ತರಗತಿಗೆ ಅವರು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು. ಯಾವ ಫೋಟೋದಲ್ಲೂ ಮುಖ್ಯವಾದ ಮನುಷ್ಯ ಚಿತ್ರದೊಳಗೆ ಇರುವುದಿಲ್ಲ, ಕ್ಯಾಮೆರಾದ ಹಿಂದೆ ಇರುತ್ತಾನೆ.

ಪರದೆಯ ಮೇಲಿದ್ದವಳು ಅವರ ಹೆಂಡತಿ.

ಎರಡು ದಿನದ ಹಿಂದೆ ಕರವಸ್ತ್ರ ಹುಡುಕಲು ಹೋಗಿ ಅವಳ ಬೀರುವಿಗೆ ಕೈಹಾಕಿದ್ದರು. ಮಡಿಸಿಟ್ಟ ಬಟ್ಟೆಗಳ ಅಡಿಯಲ್ಲಿ, ತಮ್ಮದೇ ಮನೆಯಲ್ಲಿ ತೆಗೆದ ಈ ಫೋಟೋ ಸಿಕ್ಕಿತು. ಹದಿನಾರು ವರ್ಷದ ಸಂಸಾರದಲ್ಲಿ ಅವಳು ತಮ್ಮ ಮುಂದೆ ಒಮ್ಮೆಯೂ ಹೀಗೆ ನಕ್ಕಿದ್ದು ಅವರಿಗೆ ನೆನಪಿಗೆ ಬರಲಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ತಾನು ಇಲ್ಲದ್ದನ್ನು ಕಾಣುತ್ತಿದ್ದೇನೋ ಏನೋ, ಸಂಬಂಧವಿಲ್ಲದವರು ನೋಡಿ ಹೇಳಲಿ ಎಂದು ಫೋಟೋವನ್ನು ತರಗತಿಗೆ ತಂದರು. ಅವಳ ಗುರುತು ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ. ಒಂದು ದಿನವಾದರೂ ಕರೆದುಕೊಂಡು ಬಂದಿದ್ದರೆ ತಾನೆ?

ತರಗತಿ ಅಂದು ಎಂದಿಗಿಂತ ಚುರುಕಾಗಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು, ಕಿಟಕಿಯಲ್ಲಿ ಬಿಸಿಲು, ಹಾಗಾಗಿ ಹಗಲು ಹನ್ನೊಂದು ಎಂದ ಮುಂದಿನ ಸಾಲಿನವನು. ಮೊಳೆಗೆ ಗಂಡಸಿನ ಅಂಗಿ ನೇತುಹಾಕಿದೆ, ಇವಳಿಗೆ ಗಂಡನಿದ್ದಾನೆ, ಆದರೆ ಈ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾನೆ ಎಂದ ಅವನ ಪಕ್ಕದವನು. ಮೇಜಿನ ಮೇಲೆ ಎರಡು ಕಪ್ಪುಗಳಿರುವುದನ್ನು ಇನ್ನೊಬ್ಬಳು ತೋರಿಸಿದಳು. ಕ್ಯಾಮೆರಾ ಇರುವುದು ಕೂತವರ ಎದೆಮಟ್ಟದಲ್ಲಿ, ಅಂದಮೇಲೆ ತೆಗೆದವನು ಎದುರಿಗೆ ಆರಾಮಾಗಿ ಕೂತಿದ್ದಾನೆ ಎಂದು ಮತ್ತೊಬ್ಬ. ಅವಳ ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಅದು ನೆಲದ ನಡುವೆ ಮಗುಚಿ ಬಿದ್ದಿದೆ. ಸಲಿಗೆ ಜಾಸ್ತಿಯೇ ಇದ್ದಂತಿದೆ ಎಂದು ಯಾರೋ ಹೇಳಿದರು. ಹಿಂದಿನ ಸಾಲುಗಳಲ್ಲಿ ಕಿಸಕ್ಕೆಂದರು.

ಒಂದೊಂದು ಉತ್ತರಕ್ಕೂ ಮೇಷ್ಟ್ರು ಸರಿಯೆಂದು ತಲೆಯಾಡಿಸಬೇಕಾಯಿತು. ಹೀಗೆ ನೋಡಲು ಕಲಿಸಿದವರು ಅವರೇ.

ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ತರಗತಿಗೆಲ್ಲ ಜಾಣೆ.

“ಜಡೆಯ ತುದಿ ಮಸುಕಾಗಿದೆ ಸರ್. ಇನ್ನೂ ಅಲ್ಲಾಡ್ತಾ ಇತ್ತು. ಅಂದ್ರೆ ಆಗಷ್ಟೇ ಅವನ ಪಕ್ಕದಿಂದ ಎದ್ದು ಬಂದು ಕೂತಿದ್ದಾಳೆ.” ಸ್ವಲ್ಪ ತಡೆದು ಸೇರಿಸಿದಳು, “ಗಂಡನ ಮುಂದೆ ಯಾರೂ ಹೀಗೆ ನಗಲ್ಲ ಸರ್.”

ಮೇಷ್ಟ್ರು ಅವಳಿಗೆ ಹತ್ತಕ್ಕೆ ಹತ್ತು ಕೊಟ್ಟರು.

ಅಂದೇ ಸಂಜೆ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿ ಕೂಡಲೇ ಬರಬೇಕೆಂದರು. ಅವರು ಔಷಧಿ ಅಂಗಡಿ ನಡೆಸುವ ಸಾಧು ಮನುಷ್ಯ. ಯಾರಿಗೋ ಹುಷಾರಿಲ್ಲವೆಂದುಕೊಂಡು, ಜ್ವರದ ಮಾತ್ರೆ ಜೇಬಿಗೆ ಹಾಕಿಕೊಂಡು ಬಂದಿದ್ದರು. ಮೇಷ್ಟ್ರು ಅವರನ್ನು ಕೂರಿಸಿ ಫೋಟೋ ಮುಂದಿಟ್ಟರು. ಗಡಿಯಾರ, ಅಂಗಿ, ಕಪ್ಪು, ಕ್ಯಾಮೆರಾದ ಎತ್ತರ, ಚಪ್ಪಲಿ, ಜಡೆ, ಯಾವುದನ್ನೂ ಬಿಡದೆ ಪಾಠದ ಕ್ರಮದಲ್ಲೇ ವಿವರಿಸಿದರು. ತಂಗಿಯನ್ನು ಇಂದೇ ಕರೆದುಕೊಂಡು ಹೋಗಬೇಕೆಂದು ಮುಗಿಸಿದರು. ಅಣ್ಣನ ತಲೆ ತಗ್ಗಿತು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತು ಎಲ್ಲವನ್ನೂ ಕೇಳಿದಳು. ಗಂಡ ತನ್ನನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲಿರಬೇಕು ಎನಿಸಿತೋ ಏನೋ, ಮುಖದಲ್ಲಿ ಸಿಟ್ಟಿರಲಿಲ್ಲ.

“ನಿಮ್ಮಣ್ಣನ ಮುಂದೇನೇ ಹೇಳು,” ಎಂದರು ಮೇಷ್ಟ್ರು. “ಎದುರಿಗೆ ಕೂತಿದ್ದವನು ಯಾರು?”

ಅವಳು ಫೋಟೋ ಎತ್ತಿಕೊಂಡಳು. “ಈ ಎರಡನೇ ಕಪ್ಪು ನಿಮ್ಮದು. ಬೆಳಿಗ್ಗೆ ಕುಡಿದು ಅಲ್ಲೇ ಇಟ್ಟು ಹೋಗಿದ್ದು. ಯಾವತ್ತಾದ್ರೂ ಎತ್ತಿಟ್ಟಿದ್ದೀರಾ?”

ಆಮೇಲೆ ಒಳಗೆ ಹೋಗಿ, ಕೆಟ್ಟಿದೆಯೆಂದು ಅವರೇ ಎಂದೋ ಅಟ್ಟಕ್ಕೆ ಎಸೆದಿದ್ದ ಹಳೆಯ ಕ್ಯಾಮೆರಾ ತಂದಳು. ಕಿಟಕಿಯ ಪಕ್ಕದ ಕುರ್ಚಿಗೆ ಎದುರಾಗಿ ಸ್ಟೂಲೊಂದನ್ನು ಎಳೆದು, ಅದರ ಮೇಲೆ ಎರಡು ದಪ್ಪ ಪುಸ್ತಕ ಪೇರಿಸಿ, ಕ್ಯಾಮೆರಾ ಇಟ್ಟಳು. ಅದರ ಮುಂಭಾಗದಲ್ಲಿದ್ದ ಪುಟ್ಟ ಹಿಡಿಯನ್ನು ತಿರುಗಿಸಿ ಬಿಟ್ಟಳು. ಅದು ಕಿರ್ರೆಂದು ಸುತ್ತತೊಡಗಿತು. ಅವಳು ಓಡಿದಳು. ಒಂದು ಚಪ್ಪಲಿ ಕಾಲಿಂದ ಜಾರಿ ನೆಲದ ನಡುವೆ ಉಳಿಯಿತು. ಕುರ್ಚಿಯಲ್ಲಿ ಕೂತು ಮುಖ ಎತ್ತಿದಳು, ಜಡೆ ಇನ್ನೂ ತೂಗುತ್ತಿತ್ತು. ಕ್ಲಿಕ್ ಎಂದಿತು.

“ಹತ್ತು ಸೆಕೆಂಡ್ ಸಿಗುತ್ತೆ,” ಎಂದಳು ಏದುಸಿರು ಬಿಡುತ್ತ. “ಅಷ್ಟರಲ್ಲಿ ಬಂದು ಕೂರಬೇಕು. ನಿಮ್ಮ ಪುಸ್ತಕ ನೋಡಿಯೇ ಕಲಿತಿದ್ದು.”

ಅಣ್ಣ ಉಸಿರು ಬಿಟ್ಟು, ಜೇಬಿನ ಮಾತ್ರೆ ತೆಗೆದು ಮೇಜಿನ ಮೇಲಿಟ್ಟು, ಭಾವನವರಿಗೆ ಬೇಕಾಗಬಹುದು ಎಂದು ಎದ್ದು ಹೊರಟರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಗಿತ್ತು. ಆದರೂ ಇಷ್ಟು ವರ್ಷದ ಅಭ್ಯಾಸ ಬಿಡಬೇಕಲ್ಲ, ಫೋಟೋದಲ್ಲಿ ಲೆಕ್ಕಕ್ಕೆ ಸಿಗದೆ ಉಳಿದದ್ದು ಒಂದಿತ್ತು. ಈಗ ಓಡಿಬಂದು ಕೂತಾಗ ಅವಳು ನಕ್ಕಿರಲಿಲ್ಲ. ಹಾಗಾದರೆ ಅವತ್ತು ಅಷ್ಟು ನಕ್ಕಿದ್ದು ಯಾಕೆ ಎಂದು ಮೆಲ್ಲಗೆ ಕೇಳಿದರು.

“ಅವತ್ತು ಮನೇಲಿ ಯಾರೂ ಇರಲಿಲ್ವಲ್ಲ ರೀ,” ಎಂದಳು. “ಅದಕ್ಕೆ.”