ಒದ್ದೆ ಹಾಸಿಗೆ

ಹೋದ ಮಳೆಗಾಲದಲ್ಲಿ ಬೆಳಗಾದರೆ ಅತ್ತೆಯ ಹಾಸಿಗೆ ಒದ್ದೆ. "ನಾನಲ್ಲ ಕಣವ್ವ" ಎಂದು ಅವರು ಎಷ್ಟು ಹೇಳಿದರೂ ಕೇಳದೆ ಸೊಸೆ ಅವರನ್ನು ನಾದಿನಿಯ ಮನೆಗೆ ಸಾಗಹಾಕಿದ್ದಳು. ಈ ಸಲದ ಮೊದಲ ಮಳೆಗೆ, ಯಾರೂ ಮಲಗದ ಆ ಹಾಸಿಗೆ ಮತ್ತೆ ಒದ್ದೆಯಾಯಿತು.

ಗಂಡ ಏಣಿ ಹತ್ತಿ, ಸೂರಿನಂಚಿನಲ್ಲಿ ಮಳೆನೀರು ಹರಿದುಹೋಗುವ ತಗಡಿನ ದೋಣಿಗೆ ಕೈ ಹಾಕಿದ.

"ಬೇವಿನೆಲೆ ಕೊಳ್ತು ದೋಣಿ ಕಟ್ಕೊಂಡದೆ ಕಣೇ. ಮಳೆನೀರೆಲ್ಲ ಹೆಂಚಿನಡಿ ನುಗ್ಗಿ ಸೀದಾ ಮಂಚದ ಮ್ಯಾಲೇ ಬೀಳ್ತಾ ಅದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಆವತ್ತೇ ಹೋಗಿ ಅತ್ತೆಯನ್ನು ಕರೆತಂದಳು. "ತಪ್ಪಾಯ್ತು ಅತ್ತೆ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ಅವರು ಚೀಲದಿಂದ ರಬ್ಬರ್ ಶೀಟು ತೆಗೆದು ಹಾಸಿಗೆಯ ಮೇಲೆ ಹರವತೊಡಗಿದರು.

"ನೀ ಹೇಳಿದ್ದೇ ದಿಟ ಇರ್ಬೇಕು ಕಣವ್ವ. ನಂಗೇ ಗೊತ್ತಾಯ್ತಿರ್ಲಿಲ್ಲ."